ಮಾತಿನ ಡಬ್ಬಿ

ವಿಂಡೋಸ್ ಕಂಪ್ಯೂಟರಿನಲ್ಲೇ ಲಿನಕ್ಸ್ ಬೋರ್ಡಿಗೆ ಬೇಕಾದ್ದನ್ನೆಲ್ಲ ತಯಾರಿಸಬಹುದು, ಸುಲಭ, ಎಂದು ಇಂಟರ್ನೆಟ್ಟಿನಲ್ಲಿ ಬರೆದ ಮಹಾನುಭಾವ ಯಾರೋ, ಅವನು ಒಮ್ಮೆ ಶಿರಸಿಗೆ ಬಂದು ಶಾಕಿರನ ಅಂಗಡಿಯಲ್ಲಿ ಕುಳಿತು ನೋಡಬೇಕಿತ್ತು. ಎರಡು ಸಾವಿರದ ಆರರ ಬೇಸಿಗೆಯಿಡೀ ನಾನು ಅಲ್ಲೇ, ಝೆರಾಕ್ಸ್ ಮಷೀನಿನ ಬಿಸಿಗಾಳಿಗೆ ಬೆನ್ನು ಕೊಟ್ಟು ಕುಳಿತಿದ್ದೆ.

ಎಲ್ಲ ನನ್ನ ಭಾವನಿಗಾಗಿ. ವಜ್ರಳ್ಳಿಯ ರಘುಪತಿ ಭಟ್ಟರು, ನನ್ನ ಅಕ್ಕ ಸೀತಾಳ ಗಂಡ. ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಲೆಯಲ್ಲಿ ಅರ್ಥ ಹೇಳಲು ಕುಳಿತರೆ ಎದುರಿನವರಿಗೆ ಬೆವರಿಳಿಸುತ್ತಿದ್ದ ಮಾತುಗಾರ. ಅವರಿಗೇ ಗಂಟಲಿನ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಹುಬ್ಬಳ್ಳಿಯ ಡಾಕ್ಟರು. ಆಪರೇಷನ್ನಿಗೆ ಮೊದಲು ಅವರನ್ನು ಅಂಗಡಿಗೆ ಕರೆತಂದು, ಮನೆಯಲ್ಲಿ ದಿನವೂ ಬೇಕಾಗುವ ಮಾತುಗಳನ್ನು ಅವರದೇ ದನಿಯಲ್ಲಿ ಕಂಪ್ಯೂಟರಿಗೆ ತುಂಬಿಸಿಕೊಂಡೆ. ಅಂಗೈಯಗಲದ ಒಂದು ಬೋರ್ಡು, ಕೆಲವು ಗುಂಡಿಗಳು, ಒಂದು ಸ್ಪೀಕರ್. ಗುಂಡಿ ಒತ್ತಿದರೆ ಭಾವನ ಮಾತು ಕೇಳಬೇಕು. ಡಿಪ್ಲೊಮಾ ಮುಗಿಸಿ ಯುಪಿಎಸ್ ರಿಪೇರಿ ಮಾಡಿಕೊಂಡಿದ್ದ ನನಗೆ ಇದು ಆಗದ ಕೆಲಸ ಅನ್ನಿಸಲಿಲ್ಲ.

ಬೋರ್ಡಿನೊಳಗಿದ್ದದ್ದು ಲಿನಕ್ಸ್. ಶಾಕಿರನ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್.

"ಅದನ್ನ ಮಾತ್ರ ತೆಗೀಬೇಡಿ ಭಟ್ರೇ," ಎಂದಿದ್ದ ಶಾಕಿರ್. "ಕನ್ನಡ ಟೈಪಿಂಗ್ ಎಲ್ಲಾ ಅದ್ರಲ್ಲೇ ಇರೋದು. ಈಗ ಲಗ್ನಪತ್ರಿಕೆ ಸೀಸನ್. ಉಳಿದಂತೆ ನಿಮಗೆ ಹೇಗೆ ಬೇಕೋ ಹಾಗೆ ಮಾಡಿಕೊಳ್ಳಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ವಿಂಡೋಸಿನೊಳಗೇ ಲಿನಕ್ಸಿನ ವೇಷ ಹಾಕಿಕೊಂಡು ಓಡುವ ಸಿಗ್ವಿನ್ ಎಂಬುದನ್ನು ಹಾಕಿದೆ. ಅದರೊಳಗೆ ಕ್ರಾಸ್ ಕಂಪೈಲರ್ ಕಟ್ಟಬೇಕು. ಈ ಕಂಪ್ಯೂಟರಿನಲ್ಲಿ ಕುಳಿತು ಆ ಬೋರ್ಡಿಗೆ ತಿಳಿಯುವ ಭಾಷೆಯಲ್ಲಿ ಪ್ರೋಗ್ರಾಮು ಮಾಡಿಕೊಡುವ ಸಾಧನ ಅದು. ಕಟ್ಟಲು ಶುರುವಿಟ್ಟರೆ ಇಡೀ ದಿನ ಓಡುತ್ತಿತ್ತು. ಅರ್ಧದಲ್ಲಿ ಕರೆಂಟು ಹೋಗುತ್ತಿತ್ತು. ಯುಪಿಎಸ್ ರಿಪೇರಿ ಮಾಡುವವನ ಯುಪಿಎಸ್ಸೇ ಕೈಕೊಟ್ಟಿತು ಎಂದು ಶಾಕಿರ್ ನಕ್ಕ. ನನಗೆ ನಗು ಬರಲಿಲ್ಲ.

ಅಂತೂ ಕಂಪೈಲರ್ ತಯಾರಾಯಿತು. ಆದರೆ ಬೋರ್ಡಿನಿಂದ ಸದ್ದು ಹೊರಡಬೇಕಾದರೆ ಅದರ ಕರ್ನಲ್ಲನ್ನೂ, ಅಂದರೆ ಲಿನಕ್ಸಿನ ತಿರುಳನ್ನೂ, ಹೊಸದಾಗಿ ಕಟ್ಟಬೇಕಿತ್ತು. ಅದರಲ್ಲಿ ಕೆಲವು ಫೈಲುಗಳಿಗೆ ಒಂದೇ ಹೆಸರು, ಒಂದು ದೊಡ್ಡಕ್ಷರದಲ್ಲಿ, ಒಂದು ಸಣ್ಣಕ್ಷರದಲ್ಲಿ. ಲಿನಕ್ಸಿಗೆ ಅವು ಬೇರೆ ಬೇರೆ. ವಿಂಡೋಸಿಗೆ ಎರಡೂ ಒಂದೇ. ಕರ್ನಲ್ಲಿನ ಕಟ್ಟನ್ನು ವಿಂಡೋಸಿನಲ್ಲಿ ಬಿಚ್ಚಿದಾಗ ಒಂದರ ಮೇಲೊಂದು ಕೂತು, ಮೊದಲಿನದು ಅಳಿಸಿಹೋಗುತ್ತಿತ್ತು. ಇದು ನನಗೆ ಗೊತ್ತಾಗುವಷ್ಟರಲ್ಲಿ ಮೇ ತಿಂಗಳು ಮುಗಿದಿತ್ತು. ಅದನ್ನು ಸರಿಮಾಡಿದರೆ ಇನ್ನೊಂದು ಎರರ್, ಅದರ ಹಿಂದೆ ಮತ್ತೊಂದು. ಮಾನಿಟರನ್ನು ಎತ್ತಿ ರಸ್ತೆಗೆ ಎಸೆಯುವಷ್ಟು ಸಿಟ್ಟು ಬರುತ್ತಿತ್ತು.

ಅಕ್ಕ ಫೋನ್ ಮಾಡಿದಳು.

"ತಮಾ, ಆಗ್ತನೋ ಅದು?"

"ಆಗ್ತು. ಇನ್ನೆರಡು ದಿನ."

"ಎರಡು ದಿನ ಹೇಳಿ ಹೋದ ತಿಂಗಳೂ ಹೇಳಿದ್ದೆ. ಸುಳ್ಳು ಹೇಳಡ. ಇವ್ಕೆ ಅಷ್ಟೆಲ್ಲ ದಿನ ಇಲ್ಲೆ ಕಾಣ್ತು."

ಇರಲಿಲ್ಲ. ಭಾವನ ದನಿ ಆಪರೇಷನ್ನಿನಲ್ಲೇ ಹೋಗಿತ್ತು, ಈಗ ರೋಗ ಶ್ವಾಸಕೋಶಕ್ಕೂ ಇಳಿದಿತ್ತು. ಕೈ ನಡುಗಿ ಸ್ಲೇಟಿನ ಮೇಲೆ ಬರೆಯಲೂ ಆಗುತ್ತಿರಲಿಲ್ಲ. ನಾನು ಸೋತೆ ಎಂದು ಶಾಕಿರನ ಮುಂದೆ ಒಪ್ಪಿಕೊಂಡೆ. ಅವನು ಕಂಪ್ಯೂಟರಿನ ವೈರು ಕಳಚುತ್ತ, "ದನಿ ಇದ್ರಲ್ಲೇ ಇದ್ಯಲ್ಲ, ಮಷೀನನ್ನೇ ತಗೊಂಡು ಹೋಗೋಣ ನಡೀರಿ," ಎಂದ. ಲಗ್ನದ ಸೀಸನ್ ಮುಗಿದಿರಲಿಲ್ಲ. ಆದರೂ ತನ್ನ ಓಮ್ನಿಯಲ್ಲಿ ಕಂಪ್ಯೂಟರ್ ಹಾಕಿಕೊಂಡು ವಜ್ರಳ್ಳಿಗೆ ಬಂದ. ಭಾವನ ಮಂಚದ ಪಕ್ಕ ಮೇಜಿಟ್ಟು, ಎಲ್ಲ ಜೋಡಿಸಿ, ಚಹಾ ಕುಡಿದು ಹೋದ.

ಪರದೆಯ ಮೇಲೆ ಮಾತುಗಳನ್ನು ದೊಡ್ಡದಾಗಿ ಸಾಲಿಗೆ ಇಟ್ಟಿದ್ದೆ. ಭಾವನ ಕೈಗೆ ಮೌಸ್ ಕೊಟ್ಟೆ. ಅವರು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದರು. ಕೊನೆಗೆ ಒಂದನ್ನು ಒತ್ತಿದರು.

"ನೀರು," ಎಂದಿತು ಕಂಪ್ಯೂಟರ್, ಭಾವನ ತುಂಬುಗಂಟಲಿನಲ್ಲಿ.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಅಕ್ಕ ಲೋಟ ಹಿಡಿದು ಓಡಿ ಬಂದಳು. ಕಣ್ಣಲ್ಲಿ ನೀರು ತುಂಬಿತ್ತು, ಮುಖ ನಗುತ್ತಿತ್ತು. ಭಾವ ಒಂದು ಗುಟುಕು ಕಷ್ಟಪಟ್ಟು ನುಂಗಿ ಅವಳ ಮುಖವನ್ನೇ ನೋಡಿದರು. ಅವಳು ಸೆರಗಿನಿಂದ ಅವರ ಬಾಯಿ ಒರೆಸಿ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಮತ್ತೆ "ನೀರು". ಅಕ್ಕ ಬಂದಳು, ಕುಡಿಸಿದಳು, ಹೋದಳು. ಮತ್ತೆ "ನೀರು". ಈ ಸಲ ಭಾವ ತುಟಿ ತೆರೆಯಲೇ ಇಲ್ಲ. ಅವಳ ಕೈಯನ್ನೇ ನೋಡುತ್ತಿದ್ದರು.

ನನಗೆ ಆಗ ಹೊಳೆಯಿತು. ಆ ಸಾಲಿನಲ್ಲಿ ಅಕ್ಕನನ್ನು ಕರೆಯುವ ಒಂದು ಮಾತೂ ಇರಲಿಲ್ಲ. ತಾಳಮದ್ದಲೆಯಲ್ಲಿ ಹೆಣ್ಣುಪಾತ್ರವಾಗಿ ಎದುರು ಕುಳಿತ ಮೀಸೆಯ ಗಂಡಸನ್ನು ಪ್ರಿಯೆ, ಪ್ರಾಣೇಶ್ವರಿ ಎಂದು ಬಾಯ್ತುಂಬ ಕರೆದವರು, ಮನೆಯಲ್ಲಿ ಹೆಂಡತಿಯನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ. ಸಣ್ಣಗೆ ಕೆಮ್ಮುತ್ತಿದ್ದರು, ಅವಳು ಬರುತ್ತಿದ್ದಳು. ಧ್ವನಿಪೆಟ್ಟಿಗೆಯ ಜೊತೆ ಆ ಕೆಮ್ಮಿನ ಸದ್ದೂ ಹೋಗಿತ್ತು. ಕೆಮ್ಮನ್ನು ಯಾರು ರೆಕಾರ್ಡ್ ಮಾಡುತ್ತಾರೆ? ಅಂದು ರೆಕಾರ್ಡ್ ಮಾಡುವಾಗ ಎದುರಿಗಿದ್ದವರು ಹೆಂಡತಿಯ ತಮ್ಮನಾದ ನಾನು, ಹೊರಗಿನವನಾದ ಶಾಕಿರ್. ನಮ್ಮೆದುರು ಅವರು "ಸೀತಾ" ಎನ್ನುವುದು ಹೇಗೆ? ಈಗ ಅವಳನ್ನು ಹತ್ತಿರ ಕರೆಯಲು ಅವರಿಗೆ ಉಳಿದದ್ದು ನೀರೊಂದೇ.

"ಪಾಪ, ಬಾಯಾರಿಕೆ ರಾಶಿ ಆಜು ಕಾಣ್ತು," ಎಂದಳು ಅಕ್ಕ. ದೊಡ್ಡ ಚೊಂಬಿನ ತುಂಬ ನೀರು ತಂದು, ಅವರ ಕೈಗೆ ಎಟಕುವಂತೆ ಮೇಜಿನ ಮೇಲಿಟ್ಟಳು. "ಇನ್ನು ನಿಂಗೊ ಕರೆಯದೇ ಬ್ಯಾಡ. ಇಲ್ಲೇ ಇದ್ದು."

ನಾನು ಹೇಳಲು ಬಾಯಿ ತೆರೆದೆ. ಭಾವ ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದರು. ಅಕ್ಕ ನೆಮ್ಮದಿಯಿಂದ ಒಳಗೆ ಹೋದಳು. ಅವರು ಮೌಸಿನ ಮೇಲಿಂದ ಕೈ ತೆಗೆದರು.