ಎರಡು ಗೇಣು

“ಕತ್ತಿ ಹತ್ರ ನೀವು ಹೋಗ್ಬೇಡಿ ಕುಗಾ ಅವರೇ,” ಎಂದು ನಿರ್ದೇಶಕ ಒರಿಹಾರಾ ಮೂರನೆಯ ಸಲ ಹೇಳಿದ. “ಕತ್ತಿನೇ ನಿಮ್ಮ ಹತ್ರ ಬರ್ಲಿ. ಬಂದ್ರೆ ಸಾಯಿರಿ. ಬರ್ಲಿಲ್ಲ ಅಂದ್ರೆ ಸುಮ್ನೆ ನಿಂತಿರಿ. ಅಷ್ಟೇ.”

“ಬರ್ಲಿಲ್ಲ ಅಂದ್ರೆ ಅಂದ್ರೆ?” ಎಂದು ಕುಗಾ ತೊಮೆಕಿಚಿ ಏನೂ ಅರಿಯದವನ ಹಾಗೆ ಕೇಳಿದ.

“ಅಭ್ಯಾಸ ಮಾಡುವಾಗ ನೋಡಿದೀನಿ. ನಾಯಕರು ಕೈ ಎತ್ತೋಕೆ ಮುಂಚೆನೇ ನೀವು ಅರ್ಧ ಹೆಜ್ಜೆ ಮುಂದೆ ಬಂದಿರ್ತೀರಿ. ಸಾಯೋಕೆ ಅಷ್ಟೊಂದು ಅವಸರಾನಾ?”

ಕುಗಾ ನಕ್ಕು ತಲೆ ಬಾಗಿಸಿದ. ಟೋಕಿಯೋದಿಂದ ಬಂದ ಈ ಮೂವತ್ತನಾಲ್ಕರ ಮನುಷ್ಯನ ಕಣ್ಣು ಚುರುಕಾಗಿದೆ ಎಂದು ಅವನಿಗೆ ಮೊದಲ ದಿನವೇ ಅನ್ನಿಸಿತ್ತು. ಇಷ್ಟು ಚುರುಕು ಎಂದು ಗೊತ್ತಿರಲಿಲ್ಲ.

ಕುಗಾನ ಕಸುಬೇ ಸಾಯುವುದು. ಕ್ಯೋಟೋದ ಸಿನಿಮಾ ಕೇರಿಯಾದ ಉಜುಮಾಸಾದಲ್ಲಿ ಆಗ ಕತ್ತಿಯ ಚಿತ್ರಗಳನ್ನು ದೋಸೆ ಹುಯ್ದಂತೆ ತೆಗೆಯುತ್ತಿದ್ದರು. ಪ್ರತಿ ಚಿತ್ರಕ್ಕೂ ನಾಯಕನ ಕೈಯಲ್ಲಿ ಕಡಿಸಿಕೊಳ್ಳುವವರು ನಲವತ್ತು ಐವತ್ತು ಮಂದಿ ಬೇಕು. ಹದಿನೈದು ವರ್ಷಗಳಿಂದ ಅವನು ದರೋಡೆಕೋರನಾಗಿ, ಕಾವಲುಗಾರನಾಗಿ, ಬಾಡಿಗೆಯ ರೌಡಿಯಾಗಿ ಸೇತುವೆಗಳ ಮೇಲೆ, ದೇವಸ್ಥಾನದ ಮೆಟ್ಟಿಲುಗಳ ಮೇಲೆ, ಭತ್ತದ ಗದ್ದೆಯಲ್ಲಿ ಸತ್ತಿದ್ದ. ಹೆಸರಿಲ್ಲ, ಮಾತಿಲ್ಲ. ಆದರೆ ಆ ಕೆಲಸಕ್ಕೂ ಅದರದೇ ಆದ ಮರ್ಯಾದೆ ಇತ್ತು. ಬೀಳುವಾಗ ನಾಯಕನ ಮುಖಕ್ಕೆ ಅಡ್ಡ ಬರಬಾರದು. ಅವನು ಮುಂದಿನ ಹೆಜ್ಜೆ ಇಡುವ ಕಡೆ ಉರುಳಬಾರದು. ಕತ್ತಿ ಎಂದರೆ ಬಿದಿರಿನ ಸೀಳಿಗೆ ಬೆಳ್ಳಿ ಹಾಳೆ ಅಂಟಿಸಿದ್ದು. ಅದು ತಲುಪದಿದ್ದರೆ ಸಾಯುವವನೇ ಮುಂದೆ ಹೋಗಿ ಆ ಅಂತರವನ್ನು ತನ್ನ ಮೈಯಿಂದ ತುಂಬಬೇಕು. ನಾಯಕ ಕಡಿದ ಮೇಲೆ ತಿರುಗಿ ನೋಡುವುದಿಲ್ಲ. ಕತ್ತಿಯನ್ನು ಒರೆಗೆ ಸೇರಿಸುತ್ತಾನೆ, ಅಷ್ಟರಲ್ಲಿ ಬೆನ್ನ ಹಿಂದೆ ಧೊಪ್ಪೆಂದು ಸದ್ದಾಗಬೇಕು. ಆ ಸದ್ದೇ ಅವನ ಗೆಲುವು.

ಈ ಚಿತ್ರದ ನಾಯಕ ಮಿನಾಸೆ ತಾಕಿಗೊರೊ. ಐವತ್ತೇಳು ವಯಸ್ಸು, ಮೂವತ್ತು ವರ್ಷದ ಖ್ಯಾತಿ. ಯುದ್ಧ ಮುಗಿದು ಕುಗಾ ಸಿಪಾಯಿಯ ಹರಕು ಬೂಟಿನಲ್ಲೇ ಸ್ಟುಡಿಯೋದ ಗೇಟಿನ ಮುಂದೆ ನಿಂತಿದ್ದಾಗ, ಕಾರು ನಿಲ್ಲಿಸಿ, “ನೆಟ್ಟಗೆ ಬೀಳೋಕೆ ಬರುತ್ತೇನೋ?” ಎಂದು ಕೇಳಿ ಒಳಗೆ ಕರೆದುಕೊಂಡವನು ಅವನೇ. ಬೀಳುವುದನ್ನು ಕಲಿಸಿದವನೂ ಅವನೇ. ಕುಗಾ ಅವನನ್ನು ಗುರುಗಳೇ ಎಂದು ಕರೆಯುತ್ತಿದ್ದುದು ಬಾಯಿಮಾತಿಗಲ್ಲ.

ಒರಿಹಾರಾ ತೆಗೆಯುತ್ತಿದ್ದ ಕಥೆ ಒಬ್ಬ ರೋನಿನ್‌ನದು. ಒಡೆಯನ ಎದುರು ನಿಜ ಹೇಳಿದ್ದಕ್ಕೆ ಸಂಸ್ಥಾನದಿಂದ ಹೊರಬಿದ್ದ ಕತ್ತಿಯಾಳು, ಹತ್ತು ವರ್ಷ ಕೊಡೆಗೆ ಕಡ್ಡಿ ಕಟ್ಟಿ ಹೊಟ್ಟೆ ಹೊರೆದವನು. ಅವನನ್ನು ಮುಗಿಸಲು ಸಂಸ್ಥಾನದವರು ಅವನ ಹಳೆಯ ಗೆಳೆಯನನ್ನೇ ಕಳಿಸುತ್ತಾರೆ. ಆ ಗೆಳೆಯನ ಪಾತ್ರಕ್ಕೆ ಒರಿಹಾರಾ ಕುಗಾನನ್ನು ಆರಿಸಿದ್ದ. ಮೂರು ಮಾತು, ಮೂರು ದೃಶ್ಯ, ಪರದೆಯ ಮೇಲೆ ಹೆಸರು. ಕೊನೆಯ ಕಾಳಗವನ್ನು ಮೊದಲು ತೆಗೆಯುತ್ತಿದ್ದರು. ಮಾತಿರುವ ಎರಡು ದೃಶ್ಯಗಳು ಮುಂದಿನ ವಾರಕ್ಕಿದ್ದವು.

ಒಣಗಿದ ಹೊಲದ ಸೆಟ್ಟು. ದೊಡ್ಡ ಫ್ಯಾನು ಧೂಳೆಬ್ಬಿಸುತ್ತಿತ್ತು. ಕ್ಯಾಮೆರಾವನ್ನು ಪಕ್ಕಕ್ಕೆ ಇಟ್ಟಿದ್ದರು, ಇಬ್ಬರ ನಡುವಿನ ಜಾಗ ಬೆತ್ತಲಾಗಿ ಕಾಣುವಂತೆ. ಮಿನಾಸೆ ಬಂದು ನಿಂತ. ನಿಂತ ನಿಲುವಿನಲ್ಲಿ ಒಂದು ಕುಂದೂ ಇರಲಿಲ್ಲ. ಮೊದಲ ನಾಲ್ಕು ಹೊಡೆತಗಳು ಕತ್ತಿಗೆ ಕತ್ತಿ ತಾಗಿಸುವಂಥವು, ಅವನ್ನು ಕುಗಾ ಹೇಗೋ ಸರಿದೂಗಿಸಿದ. ಐದನೆಯದು ಎಡ ಭುಜದಿಂದ ಕೆಳಕ್ಕೆ ಇಳಿಯಬೇಕಾದದ್ದು. ಕುಗಾನ ಬಲಗಾಲು ತಾನಾಗಿಯೇ ಮುಂದೆ ಹೋಗಲು ಹವಣಿಸಿತು. ಅವನು ಅದನ್ನು ನೆಲಕ್ಕೆ ಒತ್ತಿ ಹಿಡಿದ. ನಿರ್ದೇಶಕ ಹೇಳಿದಂತೆ ಮಾಡುವುದು, ಅಷ್ಟೇ. ಬಹುಶಃ ಇವತ್ತು ತಲುಪಿದರೂ ತಲುಪೀತು ಎಂದುಕೊಂಡ.

ತಲುಪಲಿಲ್ಲ. ಅವನ ಮೈಯಿಂದ ಎರಡು ಗೇಣು ಆಚೆಗೇ ಕತ್ತಿ ಗಾಳಿಯನ್ನು ಸೀಳಿ ಹೋಯಿತು. ಮಿನಾಸೆ ಆ ರಭಸದಲ್ಲೇ ಅವನನ್ನು ದಾಟಿ, ನಾಲ್ಕು ಹೆಜ್ಜೆ ನಡೆದು, ಬೆನ್ನು ತಿರುಗಿಸಿ ನಿಂತು, ಕತ್ತಿಯನ್ನು ನಿಧಾನವಾಗಿ ಒರೆಗೆ ಸೇರಿಸಿದ. ಲೈಟಿನವರು, ಧೂಳಿನವರು, ಕ್ಯಾಮೆರಾದವರು, ಮೂವತ್ತು ಜನರ ಕಣ್ಣೆದುರು ಸತ್ತಿರಬೇಕಾದವನು ನೆಟ್ಟಗೆ ನಿಂತಿದ್ದ. ಅದು ಕಾಣದೆ ಇದ್ದದ್ದು ಕಡಿದವನೊಬ್ಬನಿಗೇ.

ಒರಿಹಾರಾ ಕಟ್ ಎನ್ನಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಮಿನಾಸೆ ಅಲುಗದೆ ಕಾಯುತ್ತಿದ್ದ. ವಿಗ್ಗಿನ ಅಂಚಿನಲ್ಲಿ, ಪೌಡರು ಮುಗಿಯುವ ಕಡೆ, ಅವನ ಕತ್ತಿನ ಮೇಲೆ ಬೆವರು ಮೂಡಿದ್ದು ಕುಗಾನಿಗೆ ಕಂಡಿತು. ಮುದಿ ಕತ್ತು. ಅಷ್ಟು ವರ್ಷ ಅವನ ಎದುರಿಗೆ ನಿಂತವನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ, ಈ ಹೊತ್ತಿಗೆ ಯಾವಾಗಲೂ ತಾನು ನೆಲದ ಮೇಲಿರುತ್ತಿದ್ದನಲ್ಲ. ಒಂದು ಉಸಿರು, ಎರಡು, ಮೂರು. ಕುಗಾನಿಗೆ ತಡೆಯಲಾಗಲಿಲ್ಲ. ಮಂಡಿ ಮಡಿಸಿ, ಯಾವ ಸೊಗಸೂ ಇಲ್ಲದೆ, ಮೂಟೆಯ ಹಾಗೆ ಬಿದ್ದ.

“ಕಟ್,” ಎಂದ ಒರಿಹಾರಾ, ಮೆಲ್ಲಗೆ.

ಮಿನಾಸೆ ತಿರುಗಿದ. “ಏನೋ ತೊಮೆ, ಸಾಯೋಕೆ ಮುಹೂರ್ತ ನೋಡ್ತಿದ್ಯೇನೋ?” ಎಂದು ಗಟ್ಟಿಯಾಗಿ ಕೇಳಿದ. ಎಲ್ಲರೂ ನಕ್ಕರು. ಆ ನಗು ಒಂದಿಷ್ಟು ಬೇಗನೆ ಬಂತು, ಬೇಗನೆ ನಿಂತಿತು.

“ತಪ್ಪಾಯ್ತು ಗುರುಗಳೇ. ವಯಸ್ಸಾಯ್ತು ನೋಡಿ.”

“ನಾಳೆ ನೋಡೋಣ,” ಎಂದಷ್ಟೇ ಹೇಳಿ ಒರಿಹಾರಾ ಲೈಟು ಆರಿಸಲು ಸನ್ನೆ ಮಾಡಿದ.

ಸ್ಟುಡಿಯೋದ ಸ್ನಾನದ ಮನೆಯಲ್ಲಿ ದೊಡ್ಡ ನಟರ ಸ್ನಾನ ಮೊದಲು. ಅವರದು ಮುಗಿದು, ಅವರ ಬಣ್ಣ ಬೆರೆತ ನೀರಿನಲ್ಲಿ ಉಳಿದವರದು. ಆದರೆ ಮಿನಾಸೆಯ ಬೆನ್ನು ಉಜ್ಜಲು ಕುಗಾ ಮೊದಲೇ ಒಳಗೆ ಹೋಗುವುದು ಹಳೆಯ ರೂಢಿ. ಅಂದೂ ಹೋದ. ಚಿಕ್ಕ ಮರದ ಮಣೆಯ ಮೇಲೆ ಕೂತಿದ್ದ ಮಿನಾಸೆ ಬೆನ್ನು ಕೊಟ್ಟ. ಕುಗಾ ಬಟ್ಟೆಗೆ ಸೋಪು ಹಚ್ಚಿ ಉಜ್ಜತೊಡಗಿದ.

“ಎಷ್ಟು ದೂರ ಇತ್ತು?”

“ಏನು ಗುರುಗಳೇ?”

“ಕತ್ತಿ ಕಣೋ.”

“ಒಂದು ಗೇಣು ಇರಬಹುದು.”

“ಸುಳ್ಳು ಹೇಳ್ಬೇಡ.”

“ಎರಡು.”

ಮಿನಾಸೆ ತಲೆಯಾಡಿಸಿದ. “ಎಡಗಣ್ಣಿಗೆ ಮಂಜು ಕವಿದ ಹಾಗಿದೆ. ಒಂದೇ ಕಣ್ಣಲ್ಲಿ ನೋಡಿದ್ರೆ ಹತ್ರ ಯಾವುದು, ದೂರ ಯಾವುದು ತಿಳಿಯಲ್ಲ. ಯಾವಾಗಿಂದ ಹೀಗೆ ಮಾಡ್ತಿದೀಯ ನೀನು?”

“ಹೋದ ವರ್ಷದ ಹಿಂದಿನ ಚಳಿಗಾಲದಿಂದ. ನಮ್ಮೋರೆಲ್ಲರಿಗೂ ಹೇಳಿಟ್ಟಿದ್ದೆ, ಗುರುಗಳ ಮುಂದೆ ನಿಂತಾಗ ಅರ್ಧ ಹೆಜ್ಜೆ ಒಳಗೆ ಬನ್ನಿ ಅಂತ. ಕಾರಣ ಹೇಳ್ಲಿಲ್ಲ.”

“ಅಂದ್ರೆ ಎರಡು ವರ್ಷದಿಂದ ನಾನು ಒಬ್ಬನ್ನೂ ಕೊಂದಿಲ್ಲ,” ಎಂದ ಮಿನಾಸೆ. “ನೀವು ನೀವೇ ಸತ್ಕೊಂಡಿದೀರಿ.”

ಕುಗಾ ಬಕೆಟ್ಟಿನಿಂದ ನೀರು ಮೊಗೆದು ಆ ಬೆನ್ನಿನ ಮೇಲೆ ಹುಯ್ದ. ಇಷ್ಟಾದರೂ ಮಾತಾಡಿದರಲ್ಲ ಎಂದು ಮನಸ್ಸಿನಲ್ಲಿ ಒಂದು ಬಗೆಯ ಹಗುರವೂ ಆಯಿತು. ಇನ್ನು ಇಬ್ಬರೂ ಕೂಡಿ ಏನಾದರೂ ಉಪಾಯ ಮಾಡಬಹುದು ಎಂದುಕೊಂಡ.

“ನೀನು ಈ ಪಾತ್ರ ಬಿಟ್ಬಿಡು ತೊಮೆ.”

ಕುಗಾನ ಕೈ ನಿಂತಿತು.

“ನೀನು ಎದುರಿಗೆ ನಿಂತ್ರೆ ಇನ್ಮೇಲೆ ನನ್ನ ಕಣ್ಣು ನಿನ್ನ ಕಾಲಿನ ಮೇಲೇ ಇರುತ್ತೆ. ಕೈ ಏಳಲ್ಲ. ಏನೂ ಗೊತ್ತಿಲ್ದೇ ಇರೋನು ಯಾವನಾದ್ರೂ ಬರ್ಲಿ, ನಾನು ಹೆಜ್ಜೆ ಎಣಿಸಿಕೊಂಡು ಹೇಗೋ ನಿಭಾಯಿಸ್ತೀನಿ. ನಾಳೆ ಬೆಳಿಗ್ಗೆ ನೀನೇ ಹೋಗಿ ಹೇಳು. ಸೊಂಟ ಹಿಡ್ಕೊಂಡಿದೆ ಅನ್ನು.”

“ಗುರುಗಳೇ, ಪರದೆ ಮೇಲೆ ಹೆಸರು ಹಾಕ್ತೀವಿ ಅಂದಿದಾರೆ.”

“ಗೊತ್ತು,” ಎಂದ ಮಿನಾಸೆ. ಎದ್ದು ಬಿಸಿನೀರಿನ ತೊಟ್ಟಿಗೆ ಇಳಿದು, ಒದ್ದೆ ಬಟ್ಟೆಯನ್ನು ನಾಲ್ಕಾಗಿ ಮಡಿಸಿ ತಲೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿದ.

ಮನೆಗೆ ಬಂದಾಗ ಹೆಂಡತಿ ಮಿನೆ ಸಂಭಾಷಣೆಯ ಹಾಳೆ ಹಿಡಿದು ಕಾಯುತ್ತಿದ್ದಳು. ಬೀದಿಯವರೆಲ್ಲ ಹೋಗುವ ಸಾರ್ವಜನಿಕ ಸ್ನಾನದ ಮನೆಯವನು ಈ ಚಿತ್ರದ ಪೋಸ್ಟರನ್ನು ಹೆಂಗಸರ ಕಡೆಯ ಗೋಡೆಗೂ ಅಂಟಿಸುತ್ತೇನೆಂದು ಮಾತು ಕೊಟ್ಟಿದ್ದ. “ಅಕ್ಷರ ಚಿಕ್ಕದಾದ್ರೂ ಚಿಂತೆಯಿಲ್ಲ, ಕನ್ನಡಕ ತಗೊಂಡು ಹೋಗಿ ಅಂತ ಎಲ್ರಿಗೂ ಹೇಳಿದೀನಿ,” ಎಂದು ಅವಳು ನಕ್ಕಳು. ಉಪ್ಪಿನಕಾಯಿ ಹಾಕಿದ ಮೂಲಂಗಿ, ಬಿಸಿ ಅನ್ನ ಬಡಿಸಿ, ಎದುರಿಗೆ ಕೂತು ರೋನಿನ್‌ನ ಮಾತುಗಳನ್ನು ತಾನು ಓದಿದಳು. ಗೆಳೆಯನ ಮಾತನ್ನು ಕುಗಾ ಹೇಳಬೇಕು.

“ನಿನ್ನನ್ನು ಹೊರಗೆ ಹಾಕಿದ ದಿನ ನಾನೂ ಆ ಸಭೆಯಲ್ಲಿದ್ದೆ. ತಲೆ ತಗ್ಗಿಸಿ ಕೂತಿದ್ದೆ,” ಎಂದ ಕುಗಾ.

“ಅಷ್ಟು ಸಪ್ಪೆ ಯಾಕ್ರೀ? ನಿನ್ನೆ ಎಷ್ಟು ಚೆನ್ನಾಗಿ ಹೇಳಿದ್ರಿ!”

“ಸುಸ್ತಾಗಿದೆ ಕಣೇ,” ಎಂದ. ಹದಿನೈದು ವರ್ಷ ಗುರುಗಳ ಕತ್ತಿಗೆ ಮೈ ಕೊಟ್ಟವನು ನಾನು, ಒಂದೇ ಒಂದು ಸಲ ನಿಂತಿದ್ದಕ್ಕೆ ಹೊರಗೆ ಹಾಕುತ್ತಾರಲ್ಲ. ಒರಿಹಾರಾಗೆ ಹೇಳುವುದಿಲ್ಲ, ಪಾತ್ರ ಬಿಡುವುದೂ ಇಲ್ಲ, ಆದದ್ದಾಗಲಿ ಎಂದು ಗಟ್ಟಿ ಮಾಡಿಕೊಂಡು ಮಲಗಿದ.

ಬೆಳಿಗ್ಗೆ ಸ್ಟುಡಿಯೋದ ಅಂಗಳದಲ್ಲಿ ಒರಿಹಾರಾ ತಾನೇ ಅವನನ್ನು ಹುಡುಕಿಕೊಂಡು ಬಂದ. ಕೆನ್ನೆಯಲ್ಲಿ ಎರಡು ದಿನದ ಗಡ್ಡ, ಕಣ್ಣಲ್ಲಿ ಹಬ್ಬದ ಕಳೆ.

“ಇನ್ನೊಂದು ಸಲ ತೆಗೆಯೋದು ಬೇಡ ಕುಗಾ ಅವರೇ. ನಿನ್ನೇದನ್ನೇ ಇಟ್ಕೋತೀನಿ. ಕೊಂದೆ ಅಂದ್ಕೊಂಡು ಅವನು ಬೆನ್ನು ತಿರುಗಿಸಿ ನಿಂತಿದಾನೆ, ಹಿಂದೆ ಗೆಳೆಯ ಜೀವಂತವಾಗಿದಾನೆ! ಆಮೇಲೆ ತಾನಾಗೇ ಬೀಳ್ತಾನೆ. ಇಂಥದ್ದನ್ನ ಬರೆಯೋಕೆ ನನ್ನಿಂದ ಆಗ್ತಿರ್ಲಿಲ್ಲ. ಚಿತ್ರ ಅಲ್ಲಿಗೇ ಮುಗಿಯುತ್ತೆ. ಜನ ನಿಮ್ಮ ಮುಖ ಮರೆಯಲ್ಲ.”

ಕುಗಾ ಹೂಂ ಎನ್ನಲು ಬಾಯಿ ತೆರೆದ. ದೇಶದ ಎಲ್ಲ ಊರುಗಳ ಚಿತ್ರಮಂದಿರಗಳಲ್ಲಿ ತನ್ನ ಮುಖ. ಅದರ ಮುಂದೆ ಆ ಬೆವೆತ ಕತ್ತು, ಧೊಪ್ಪೆನ್ನುವ ಸದ್ದಿಗೆ ಕಾಯುತ್ತ. ಚಿತ್ರವೇ ಹಾಗಿದೆ ಎಂದು ಜನ ಮೆಚ್ಚಬಹುದು. ಆದರೆ ಉಜುಮಾಸಾದಲ್ಲಿ ಒಬ್ಬ ಪೆಟ್ಟಿಗೆ ಹೊರುವವನಿಗೂ ಅದು ನಟನೆಯಲ್ಲ ಎಂದು ಗೊತ್ತಾಗುತ್ತದೆ. ಮಿನಾಸೆ ತಾಕಿಗೊರೊನ ಕೈಗೆ ಇನ್ನು ಯಾರೂ ಕತ್ತಿ ಕೊಡುವುದಿಲ್ಲ. ನಿನ್ನೆ ತೊಟ್ಟಿಯಲ್ಲಿ ಕಣ್ಣು ಮುಚ್ಚಿಕೊಂಡವನ ಮೇಲೆ ಅವನಿಗೆ ಈಗಲೂ ಸಿಟ್ಟಿತ್ತು. ಸಿಟ್ಟಿದ್ದರೂ ಬಾಯಿಂದ ಬಂದದ್ದು ಬೇರೆ.

“ನನ್ನಿಂದ ಆಗಲ್ಲ ಡೈರೆಕ್ಟ್ರೇ. ಸೊಂಟ ಹಿಡ್ಕೊಂಡಿದೆ.”

ಒರಿಹಾರಾ ಅವನನ್ನೇ ನೋಡಿದ. “ಇನ್ನೂ ಎರಡು ದೃಶ್ಯ ಬಾಕಿ ಇದೆ. ನೀವು ಬಿಟ್ರೆ ಆ ಪಾತ್ರಕ್ಕೆ ಇನ್ನೊಬ್ಬನ್ನ ತರಬೇಕು. ನಿನ್ನೆ ತೆಗೆದದ್ದು ಕಸಕ್ಕೆ ಹೋಗುತ್ತೆ. ಗೊತ್ತಲ್ಲ?”

“ಗೊತ್ತು.”

“ಮಿನಾಸೆ ಅವರು ಹೇಳಿ ಕಳಿಸಿದ್ರಾ?”

“ಇಲ್ಲ. ಸೊಂಟ.”

“ಎಲ್ಲಿ, ಬಗ್ಗಿ ನೋಡೋಣ.”

ಕುಗಾ ಎರಡು ಕೈಯನ್ನೂ ತೊಡೆಗೆ ಒತ್ತಿ, ಹಣೆ ಮಂಡಿಗೆ ತಾಗುವಷ್ಟು ಬಗ್ಗಿದ. ಹಾಗೆಯೇ ಬಹಳ ಹೊತ್ತು ಇದ್ದ.

“ಚೆನ್ನಾಗೇ ಬಗ್ತೀರಲ್ರೀ!”

“ಬಗ್ಗೋದಕ್ಕೇನೂ ತೊಂದ್ರೆ ಇಲ್ಲ. ನೆಟ್ಟಗೆ ನಿಂತ್ರೆ ನೋವು.”

ಒರಿಹಾರಾ ಸಿಗರೇಟನ್ನು ಕಾಲಲ್ಲಿ ಹೊಸಕಿ ಹೊರಟುಹೋದ.

ಉಡುಪಿನ ಕೋಣೆಯಲ್ಲಿ ಶಿಗೆಯಕ್ಕ ಚಾಪೆಯ ಮೇಲೆ ಕೂತು ಕಪ್ಪು ಕಿಮೋನೊ ಒಂದರ ಅಂಚನ್ನು ಬಿಚ್ಚುತ್ತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು. ಸಾಯುವವರಿಗೆ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಎಸೆಯುವುದು ವಾಡಿಕೆ. ಕುಗಾನ ಅಳತೆ ತೆಗೆದು ಹೊಲಿದದ್ದು ಇದೊಂದೇ.

“ಹೊಸಬ ನಿನಗಿಂತ ಎತ್ತರ ಅಂತೆ,” ಎಂದಳು, ತಲೆ ಎತ್ತದೆ. “ಏನಪ್ಪಾ ಆಯ್ತು ನಿನಗೆ?”

“ಸೊಂಟ ಅಕ್ಕ.”

“ಹೂಂ. ಮೂರನೇ ಸೆಟ್ಟಲ್ಲಿ ಇವತ್ತು ಸೇತುವೆ ಜಗಳ ಇದೆ. ಏನು ಕೊಡ್ಲಿ? ದರೋಡೆಕೋರಂದಾ, ಕಾವಲುಗಾರಂದಾ?”

“ಯಾರು ಮೊದಲು ಸಾಯ್ತಾನೋ ಅವನ್ದು ಕೊಡಿ. ಬೇಗ ಮನೆಗೆ ಹೋಗಬೇಕು. ಮಿನೆಗೆ ಹೇಳೋದಿದೆ.”

ಶಿಗೆಯಕ್ಕ ಸೂಜಿಯನ್ನು ತನ್ನ ಬಟ್ಟೆಯ ತೋಳಿಗೆ ಚುಚ್ಚಿಟ್ಟು ಎದ್ದು, ರಾಶಿಯಿಂದ ಒಂದು ಮಾಸಲು ಕಿಮೋನೊ ಎಳೆದು ಕೊಡವಿ ಕೊಟ್ಟಳು. ಎದೆಯ ಮೇಲಿನ ನಕಲಿ ರಕ್ತ ಒಗೆದರೂ ಪೂರ್ತಿ ಹೋಗಿರಲಿಲ್ಲ. ಅವನು ತೊಟ್ಟುಕೊಂಡು ಸೊಂಟಪಟ್ಟಿ ಬಿಗಿದ. ತೋಳು ಗಿಡ್ಡ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆಯೇ ನಿಂತಿತು. ಎರಡು ಸಲ ಎಳೆದು ನೋಡಿ, ಬಾಗಿಲಲ್ಲಿ ಒರಗಿಸಿಟ್ಟಿದ್ದ ಬಿದಿರು ಕತ್ತಿಗಳಲ್ಲಿ ಒಂದನ್ನು ತೆಗೆದುಕೊಂಡು, ಬಿಸಿಲಿದ್ದ ಅಂಗಳ ದಾಟಿ ಮೂರನೆಯ ಸೆಟ್ಟಿನ ಕಡೆಗೆ ನಡೆದ.