ಶಿರಾ ತಲುಪದ ಹಾಡುಗಳು

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಉಂಡವಳು ಬೇರೆಯವಳು.

ಹಳ್ಳಿಯ ಹೆಂಗಸರ ಹಾಡು ಕೂಡಿಡುವ ಪುಟ್ಟ ಸಂಸ್ಥೆ ನಮ್ಮದು. ಅದರ ಡೇಟಾಬೇಸ್ ನೋಡಿಕೊಳ್ಳುವವಳು ನಾನು, ಶ್ರೀಲತಾ. ಒಂದು ದೊಡ್ಡ ಡೇಟಾಬೇಸಿನೊಳಗೆ ತಾಲ್ಲೂಕಿಗೊಂದು ಚಿಕ್ಕದು. ಮೂಲ ಮಧುಗಿರಿಯ ಕಚೇರಿಯಲ್ಲಿ, ಅದರ ಜೋಡಿ ಪ್ರತಿ ಶಿರಾದಲ್ಲಿ. ಇಲ್ಲಿ ಸೇರಿದ್ದೆಲ್ಲ ತಾನಾಗಿ ಅಲ್ಲಿಯೂ ಸೇರುತ್ತದೆ. ಬೇರೆ ಬ್ಯಾಕಪ್ಪಿಗೆ ನಮ್ಮಲ್ಲಿ ಜಾಗವಿರಲಿಲ್ಲ.

ಹೋದ ದೀಪಾವಳಿಗೆ ಕೊರಟಗೆರೆಯದನ್ನು ಕ್ಲೋನ್ ಮಾಡಿ ಪಾವಗಡಕ್ಕೊಂದು ತೆರೆದೆ. ಕ್ಲೋನಿನ ಫೈಲುಗಳು ತಾವಾಗಿ ಹೋಗುವುದಿಲ್ಲ; ಶಿರಾದ ಪ್ರತಿಗೆ ಅವು ಸಿಗದೆ, ಎಲ್ಲ ತಾಲ್ಲೂಕುಗಳ ನಕಲೂ ನಿಂತುಬಿಟ್ಟಿತು. ಸಿಟ್ಟು ನೆತ್ತಿಗೇರಿ, ಪಾವಗಡ ಬಿಟ್ಟು ಉಳಿದದ್ದನ್ನು ನಡೆಸು ಎಂದು ಆಜ್ಞೆ ಕೊಟ್ಟೆ. ಆಮೇಲೆ ಪಾವಗಡದ ಫೈಲುಗಳನ್ನು ಕೈಯಾರೆ ಶಿರಾಕ್ಕೆ ಒಯ್ದು ಸೇರಿಸಬೇಕು. ಅರ್ಧ ದಿನದ ಕೆಲಸ.

ಶಿರಾದ ಪ್ರತಿ ನೋಡಿಕೊಳ್ಳುವ ಓಬಳರಾಜು ಎರಡು ಸಲ ಫೋನ್ ಮಾಡಿದ. "ಪಾವಗಡದ್ದು ಇನ್ನೂ ಬಂದಿಲ್ಲ ಕಣಕ್ಕ."

"ಶುಕ್ರವಾರ ಗೊರವನಹಳ್ಳಿಗೆ ಹೋಗ್ಬಂದು ಮಾಡ್ತೀನಿ ಬುಡೋ, ತಲೆ ತಿನ್ಬೇಡ."

ಹೊಸ ಕೆಲಸಕ್ಕೆ ಮೊದಲು ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಕೈಮುಗಿಯುವುದು ನಮ್ಮ ಕಚೇರಿಯ ರೂಢಿ. ಹೋದೆ, ಕೈಮುಗಿದೆ, ಪ್ರಸಾದ ತಿಂದೆ. ಕೆಲಸ ಮಾತ್ರ ಮರೆತೆ. ಪರದೆಯ ಮೇಲೆ ದಿನವೂ ನಕಲು ಸರಿಯಾಗಿದೆ ಎನ್ನುವ ಹಸಿರು ಗುರುತೇ ಇತ್ತು. ನಾವು ಬಿಡು ಎಂದ ತಾಲ್ಲೂಕನ್ನು ಅದು ಗಣನೆಗೇ ತೆಗೆದುಕೊಳ್ಳುವುದಿಲ್ಲ.

ಅಷ್ಟರಲ್ಲಿ ಪಾವಗಡದ ಕಡೆಯ ಕದರಮ್ಮ ನಲವತ್ತೆರಡು ಹಾಡು ಹಾಡಿದ್ದಳು, ಕಡಲೆಕಾಯಿ ಸುಲಿಯುತ್ತ. "ನೀನೂ ನಾಕು ಸುಲಿಯಮ್ಮ, ಸುಮ್ಕೆ ಕೂತೋರ್ ಮುಂದೆ ಹಾಡು ಬರಾಕಿಲ್ಲ," ಎಂದು ನನ್ನ ಮುಂದೆಯೂ ಮೊರ ತಳ್ಳಿದ್ದಳು. ಎರಡು ಊರಿನಲ್ಲಿಡುತ್ತೇವೆ ಎಂದು ಅವಳಿಗೆ ಮಾತು ಕೊಟ್ಟು, ಹಾಡುಗಳನ್ನು ಡೇಟಾಬೇಸಿಗೆ ಏರಿಸಿ, ರೆಕಾರ್ಡರ್ ಅಳಿಸಿ, ಮುಂದಿನ ಊರಿಗೆ ಹೋದೆವು. ಸಂಕ್ರಾಂತಿ ಕಳೆದು ಅವಳು ತೀರಿಕೊಂಡಳು.

ಏಪ್ರಿಲಿನಲ್ಲಿ ಸಿಡಿಲು ಬಡಿದು ಮಧುಗಿರಿಯ ಡಿಸ್ಕುಗಳೆಲ್ಲ ಸುಟ್ಟವು. ಶಿರಾ ಇದೆಯಲ್ಲ ಎಂದು ನಕ್ಕೆ, ಪಾಪಿ ನಾನು. ತೆರೆದು ನೋಡಿದರೆ ಮೂರು ತಾಲ್ಲೂಕು ಜೋಪಾನವಾಗಿದ್ದವು. ಪಾವಗಡಕ್ಕೆ ಹೆಸರಿತ್ತು, ಒಳಗೆ ಒಂದು ಹಾಡೂ ಇರಲಿಲ್ಲ.

ಕದರಮ್ಮನ ಮಗಳು ಗಂಗಲಕ್ಷ್ಮಿಯ ಮನೆಗೆ ಹೋದೆ. ಅವಳು ಓಡಿಬಂದು ಚಾಪೆ ಹಾಸಿದಳು.

"ಅಮ್ಮನ ದನಿ ತಂದ್ಯಾ ಅಕ್ಕ?"

"ಹೋಯ್ತು ಕಣಮ್ಮ. ನನ್ನ ತಪ್ಪು. ಇನ್ನೊಂದು ಕಡೆ ಇಡ್ಬೇಕಿತ್ತು, ಇಡ್ಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಯ್ಯೋ ದೇವುಡಾ," ಎಂದು ಚಾಪೆಯ ಅಂಚಿಗೆ ಕೂತಳು. "ಕೊನೆಗಾಲ್ದಾಗೆ ನಾನೇ ಕೇಳ್ದೆ ಅಕ್ಕ, ಹಾಡು ಹೇಳ್ಕೊಡಮ್ಮ, ಕಲ್ತ್ಕಂತೀನಿ ಅಂತ. 'ನಿಂಗ್ಯಾಕೆ ಆ ಕಷ್ಟ ಬುಡೇ, ಆ ಮೇಡಂ ಎರಡು ಊರಾಗೆ ಮಡಗವ್ರೆ' ಅಂದ್ಬುಟ್ಳು."