ನಲವತ್ತನೇ ಚೀಟಿ

ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡರ್‌ಗೆ ಐವತ್ತು ದಾಟಿದ್ದರೂ ಬುದ್ಧಿ ಹನ್ನೆರಡರಲ್ಲೇ ಕೂತಿತ್ತು. ಇಲ್ಲದಿದ್ದರೆ ಹುಳ ಸಾಯಿಸುವ ವಿಷಗಾಳಿಯ ಕೋಣೆಯೊಳಗೆ ಯಾರಾದರೂ ಕಾದಂಬರಿ ಓದುತ್ತಾರೆಯೇ?

ಗ್ರಂಥಾಲಯದ ಹಳೇ ಸಾಹಸದ ಪುಸ್ತಕಗಳಿಗೆ ಹುಳ ಹತ್ತಿತ್ತು. ನಲವತ್ತು ಪುಸ್ತಕ ಒಳಗೆ ಜೋಡಿಸಬೇಕು, ಅವುಗಳ ಹೆಸರು, ನಂಬರು ಬರೆದ ಚೀಟಿ ತೆಗೆದು ಹೊರಗಿನ ಮೇಜಿನ ಮೇಲಿಡಬೇಕು. ಅವನ್ನು ಅಕ್ಕ ಎಣಿಸಿ, ಲೆಕ್ಕ ಸರಿಯಿದ್ದರೆ ಗಾಳಿ ಬಿಡುವುದು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಅಲ್ಲಿನ ಮೇಲ್ವಿಚಾರಕಿ. ಚೀಟಿಯನ್ನು ಪುಟದ ಗುರುತಿಗೆ ಸಿಕ್ಕಿಸುವ ಇವನ ಚಾಳಿಗೆ ದಿನಾ ಚಳಿ ಬಿಡಿಸುತ್ತಿದ್ದಳು.

ಕೊನೆಯ ಪುಸ್ತಕ ಇವನು ಚಿಕ್ಕಂದಿನಲ್ಲಿ ಓದಿದ್ದೇ. ಆಗಿನ ಪ್ರತಿಯಲ್ಲಿ ಕೊನೇ ಹಾಳೆ ಹರಿದುಹೋಗಿತ್ತು. ಬೀಗ ಹಾಕಿದ ಕೋಣೆಯಿಂದ ನಾಯಕ ಹೇಗೆ ಪಾರಾದ ಎಂಬುದು ಇಷ್ಟು ವರ್ಷ ತಲೆ ತಿಂದಿತ್ತು. ಕಪಾಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಂದಿನ ಅಧ್ಯಾಯದಿಂದಲೇ ಶುರುಮಾಡಿದ. ಎರಡು ಪುಟ ಬಾಕಿ ಇರುವಾಗ ಒಳಗೆ ಯಾರೂ ಇಲ್ಲವೆಂದುಕೊಂಡು ಅಕ್ಕ ಧಡ್ ಎಂದು ಬಾಗಿಲು ಮುಚ್ಚಿ ದೀಪ ಆರಿಸಿದಳು.

ಎದ್ದುಬಿದ್ದು ಓಡಿ ಬಾಗಿಲು ಬಡಿದ. ಹೊರಗೆ ಕಾಗದ ಕತ್ತರಿಸುವ ಯಂತ್ರದ ಗದ್ದಲ. ಬಾಗಿಲಿನ ಗಾಜಿನ ಕಿಂಡಿಯಲ್ಲಿ ಕಂಡದ್ದು ಅಕ್ಕನ ಬೆನ್ನು, ಅದರ ಪಕ್ಕಕ್ಕೆ ಮೇಜಿನ ಮೇಲಿನ ಚೀಟಿಗಳು. ಪುಸ್ತಕದ ಶೂರರಂತೆ ಭುಜ ಕೊಟ್ಟು ಗುದ್ದಿದ. ಜಪ್ಪಯ್ಯ ಅಂದರೂ ಬಾಗಿಲು ಅಲ್ಲಾಡಲಿಲ್ಲ, ಭುಜವೇ ಕಳಚಿ ಬಂದಂತಾಯಿತು.

ಅಕ್ಕ ಚೀಟಿ ಎಣಿಸಿದಳು. ಮತ್ತೆ ಎಣಿಸಿದಳು. ಆಗ ಅವನಿಗೆ ಹೊಳೆಯಿತು, ಒಂದು ಚೀಟಿ ತನ್ನ ಕೈಯಲ್ಲಿರುವ ಪುಸ್ತಕದೊಳಗೇ ಇದೆ. ಬದುಕಿದೆ ಅಂದುಕೊಂಡ. ಅಷ್ಟರಲ್ಲಿ ಅವಳು ಪಟ್ಟಿ ನೋಡಿ, ಖಾಲಿ ಚೀಟಿಯೊಂದನ್ನು ಎಳೆದುಕೊಂಡಳು. ಬೈದು ಸುಸ್ತಾದ ದಿನ ಅವಳು ಬದಲಿ ಚೀಟಿ ಬರೆದುಬಿಡುವುದು ಅವನಿಗೆ ಗೊತ್ತಿತ್ತು. ಅಂಗೈ ಉರಿಯುವಷ್ಟು ಬಡಿದ. ಅವಳು ಬರೆಯುತ್ತಲೇ ಇದ್ದಳು.

ನಂಬರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ನಂಬರು ಪಟ್ಟಿಯಲ್ಲಿರಲಿಲ್ಲ, ಒಳಗಿದ್ದ ಪುಸ್ತಕದ ಮೊದಲ ಪುಟದಲ್ಲಿತ್ತು. ಗಾಳಿ ಬಿಡುವ ತಿರುಪಿನ ಮೇಲೆ ಒಮ್ಮೆ ಕೈಯಿಟ್ಟಳು, ಹಿಂತೆಗೆದಳು, ಗೊಣಗುತ್ತಾ ಎದ್ದು ಬಂದು ಬಾಗಿಲು ತೆರೆದಳು.

ಅವನನ್ನು ನೋಡಿದಳು, ಪುಸ್ತಕದಿಂದ ಇಣುಕುತ್ತಿದ್ದ ಚೀಟಿ ನೋಡಿದಳು.

"ನಂಬರು ನೆನಪಿದ್ದಿದ್ರೆ ಬರೆದೇಬಿಡ್ತಿದ್ದೆ ಕಣೋ," ಎಂದು ನೆಲಕ್ಕೆ ಕುಸಿದು ಅತ್ತುಬಿಟ್ಟಳು.

ಅವನು ಪಕ್ಕದಲ್ಲಿ ಕೂತು ಕೊನೇ ಹಾಳೆ ತೆರೆದು ಓದಿದ. "ಒಂದೇ ಏಟಿಗೆ ಬಾಗಿಲು ಮುರಿದನಂತೆ, ಅಕ್ಕಾ."

ಅವಳು ಕಣ್ಣೊರೆಸಿಕೊಂಡು ಮೇಜಿನ ಬಳಿಗೆ ಹೋದಳು. ಅರ್ಧ ಬರೆದ ಚೀಟಿಯಲ್ಲಿ ಪುಸ್ತಕದ ಹೆಸರು ಹೊಡೆದು, 'ಬೈಂಡರ್' ಎಂದು ಬರೆದು ಕೊಟ್ಟಳು.

"ಒಳಗೆ ಹೋಗುವಾಗ ಇದನ್ನ ಮೇಜಿನ ಮೇಲಿಟ್ಟು ಹೋಗು. ಇದು ಅಲ್ಲಿರೋ ತನಕ ನಾನು ಗಾಳಿ ಬಿಡಲ್ಲ."